ಎಕೋ ಕೋಣೆಯ ಆ ತಂತ್ರಜ್ಞೆಗೆ

ಶಬ್ದತರಂಗಗಳಿಂದ ಹೃದಯವನ್ನು ಪರದೆಯ ಮೇಲೆ ತೋರಿಸುವ ಎಕೋ ಪರೀಕ್ಷೆಯನ್ನು ಅಮ್ಮನಿಗೆ ಮಾಡಿದ ತಂತ್ರಜ್ಞೆಯೇ, ನಿಮ್ಮ ಹೆಸರು ನನಗೆ ತಿಳಿಯದು. ಈ ಧನ್ಯವಾದ ನಿಮಗೆ.

‘ಮೈಟ್ರಲ್ ಕವಾಟದಲ್ಲಿ ಅಲ್ಪ ಸೋರಿಕೆ’ ಎಂಬ ಹಳೆಯ ವರದಿಯ ಸಾಲು ಅಮ್ಮನ ನಿದ್ದೆ ಕೆಡಿಸಿತ್ತು. ಮೈಟ್ರಲ್ ಎಂದರೆ ಹೃದಯದ ಎಡಭಾಗದ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಕವಾಟ. ನೀವು ಪರದೆಯನ್ನು ನಮ್ಮತ್ತ ತಿರುಗಿಸಿದಿರಿ. ಕವಾಟಗಳನ್ನು ಎಳೆದು ತೆರೆಯುವ ಸ್ನಾಯು ಯಾವುದೂ ಇಲ್ಲ, ಎರಡು ಬದಿಯ ಒತ್ತಡದ ವ್ಯತ್ಯಾಸವೇ ಅವನ್ನು ತೆರೆದು ಮುಚ್ಚುತ್ತದೆ ಎಂದಿರಿ. ಹೃದಯದ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳು ಸಂಕುಚಿಸತೊಡಗಿದಾಗ ಮೈಟ್ರಲ್ ಕವಾಟವೂ ಬಲಭಾಗದಲ್ಲಿರುವ ಅದರ ಜೋಡಿ ಟ್ರೈಕಸ್ಪಿಡ್ ಕವಾಟವೂ ಮುಚ್ಚಿ ಎದೆಬಡಿತದ ‘ಲಬ್’ ಕೇಳಿಸುತ್ತದೆ. ಆಮೇಲೆ ಒಂದು ಗಳಿಗೆ ನಾಲ್ಕೂ ಕವಾಟಗಳು ಮುಚ್ಚಿಯೇ ಇರುತ್ತವೆ! ಎಡ ಹೃತ್ಕುಕ್ಷಿಯ ಒತ್ತಡ, ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯ ಒತ್ತಡವನ್ನು ಮೀರಿದ ಮೇಲಷ್ಟೇ ಅದರ ಬಾಯಲ್ಲಿರುವ ಅಯೋರ್ಟಿಕ್ ಕವಾಟಕ್ಕೆ ತೆರೆಯುವ ಮನಸ್ಸು. ಅದೂ, ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳದ ಬಾಯಲ್ಲಿರುವ ಪಲ್ಮನರಿ ಕವಾಟವೂ ಮುಚ್ಚುವಾಗ ‘ಡಬ್’. ನಿಮಿಷಕ್ಕೆ 75 ಬಡಿತವೆಂದರೆ ಇಷ್ಟೆಲ್ಲ 0.8 ಸೆಕೆಂಡಿನಲ್ಲಿ.

ಗಾಳಿಗೆ ಕೊಡೆ ಮಗುಚದಂತೆ ತಡೆಯುವ ಕಡ್ಡಿಗಳ ಹಾಗೆ ಕವಾಟದ ಎಸಳುಗಳನ್ನು ಹಿಡಿದಿಡುವ ತಂತುಗಳನ್ನೂ ತೋರಿಸಿದಿರಿ. ಅಮ್ಮನಿಗೆ ಅರ್ಥವಾದದ್ದು ಅಲ್ಲಿಯೇ: ಎಸಳುಗಳು ಪೂರ್ತಿ ಕೂಡದಿದ್ದರೆ ಸ್ವಲ್ಪ ರಕ್ತ ಹಿಂದಕ್ಕೆ, ಮೇಲಿನ ಕೋಣೆಯಾದ ಹೃತ್ಕರ್ಣಕ್ಕೆ ನುಸುಳುತ್ತದೆ.

ಮುಂದೇನು ಎಂದು ಕೇಳಿದಾಗ, ‘ಅದನ್ನು ವೈದ್ಯರೇ ಹೇಳಬೇಕು’ ಎಂದಿರಿ. ಆ ಪ್ರಾಮಾಣಿಕತೆ ನನಗೆ ಎಲ್ಲಕ್ಕಿಂತ ಹಿಡಿಸಿತು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ನೀವು ಅವಸರಪಡಿಸಲಿಲ್ಲ. ನಿಮಗೆ ಋಣಿ.