ಮಮ್ಮಿ ಶಾಪ ಸಾಕು, ಕೂಲಿಯವ್ರ ಕಥೆನೂ ಬರೀರಿ

ಸಂಪಾದಕರೇ,

ಈಜಿಪ್ಟ್ ಅಂದ್ರೆ ನಮ್ಮ ಪೇಪರ್‌ಗಳಲ್ಲಿ ಬರೋದು ಎರಡೇ, ಟುಟಾಂಖಮನ್ ಅನ್ನೋ ರಾಜನ ಚಿನ್ನದ ಮುಖವಾಡ, ಇಲ್ಲಾ ಮಮ್ಮಿ ಶಾಪ. ಅದನ್ನೇ ಓದ್ಕೊಂಡು ಬಂದೋನು ನಾನೂ. ಮೊನ್ನೆ ಇಟಲಿಯ ಟ್ಯೂರಿನ್‌ನಲ್ಲಿ ಓದ್ತಿರೋ ಮಗಳ ಹತ್ರ ಹೋಗಿದ್ವಿ, ಅವಳು ಅಲ್ಲಿನ ಈಜಿಪ್ಟ್ ಮ್ಯೂಸಿಯಂಗೆ ಕರ್ಕೊಂಡು ಹೋದ್ಲು, 1824ರಷ್ಟು ಹಳೇದು. ದೊಡ್ಡ ದೊಡ್ಡ ಕಲ್ಲಿನ ರಾಜರನ್ನೆಲ್ಲ ನೋಡಿದ್ವಿ, ಚೆನ್ನಾಗಿದಾವೆ, ಆದ್ರೆ ಕಾಲು ನಿಂತಿದ್ದು ಮಾತ್ರ ಖಾ ಮತ್ತೆ ಮೆರಿತ್ ಅನ್ನೋ ಗಂಡ ಹೆಂಡ್ತಿ ಸಾಮಾನು ಇಟ್ಟಿರೋ ಕೋಣೇಲಿ.

ಈ ಖಾ ರಾಜ ಅಲ್ಲ, ರಾಜರ ಗೋರಿ ಕೊರೆಸ್ತಿದ್ದ ಮೇಸ್ತ್ರಿ, ಸುಮಾರು 3,400 ವರ್ಷದ ಹಿಂದಿನವನು. ಇವನ ಸಮಾಧಿ ಕಳ್ಳರ ಕೈಗೆ ಸಿಗದೆ ಉಳಿದಿತ್ತು, 1906ರಲ್ಲಿ ಸ್ಕಿಯಾಪರೆಲ್ಲಿ ಅನ್ನೋ ಇಟಲಿಯ ಪುರಾತತ್ವದವ್ರು ಬಾಗಿಲು ತೆಗ್ಸಿದ್ರು. ಮಂಚ, ಸ್ಟೂಲು, ಅಳತೆ ಕೋಲು, ಮಡಚಿಟ್ಟ ಬಟ್ಟೆ, ಮೆರಿತ್‌ಳ ಕಾಡಿಗೆ ಡಬ್ಬಿ, ಹೆಣೆದಿರೋ ಚೌರಿ ಕೂದಲು, ಬುತ್ತಿಗೆ ಅಂತ ಇಟ್ಟ ಬ್ರೆಡ್ಡು! ನಮ್ಮನೆಯವಳು ಗಾಜಿಗೆ ಮೂಗು ತಾಗಿಸ್ಕೊಂಡು "ನಮ್ಮ ಕಟಕ್ ರೊಟ್ಟಿ ಮರೆತು ಬಿಟ್ರೆ ಹಿಂಗೇ ಆಗುತ್ತೆ ನೋಡ್ರಿ" ಅಂದ್ಲು. ಆಮೇಲೆ ಹೆಣದ ಪೆಟ್ಟಿಗೆ ವಿಷಯ, ಮೆರಿತ್ ಮೊದ್ಲು ತೀರಿಕೊಂಡಿರ್ಬೇಕು, ಅವಳಿಗೆ ಅಂತ ಯಾವುದೂ ರೆಡಿ ಇರ್ಲಿಲ್ಲ ಕಾಣುತ್ತೆ, ತನಗೆ ಮಾಡ್ಸಿದ್ದನ್ನೇ ಖಾ ಕೊಟ್ಟಿದಾನೆ, ಅದು ಅವಳಿಗೆ ದೊಡ್ಡದಾಗಿ ಸುತ್ತ ಬಟ್ಟೆ ತುರುಕಿದಾರೆ. ಅದನ್ನ ಕೇಳಿದ್ಮೇಲೆ ಇಬ್ರೂ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ.

ಇನ್ನೊಂದಿದೆ, ಇದಕ್ಕೇ ಈ ಪತ್ರ ಬರೀತಿರೋದು. ಇದೇ ಮ್ಯೂಸಿಯಂ ಹತ್ರ ಒಂದು ಪಪೈರಸ್, ಅಂದ್ರೆ ಜೊಂಡಿನಿಂದ ಮಾಡಿದ ಆ ಕಾಲದ ಕಾಗದ, ಇದೆ, ಅದರಲ್ಲಿ ಸ್ಟ್ರೈಕ್ ವರದಿ! ಸ್ಟ್ರೈಕ್ ಮಾಡಿದ್ದು ಖಾ ಇದ್ದ ಊರು, ಗೋರಿ ಕೊರೆಯೋರ ಹಳ್ಳಿ ದೇರ್ ಎಲ್ ಮದೀನಾದ ಕೂಲಿಯವ್ರೇ, ಅವನಾಗಿ ಇನ್ನೂರು ವರ್ಷದ ಮೇಲೆ, ಮೂರನೇ ರಾಮ್ಸೆಸ್ ಪಟ್ಟಕ್ಕೆ ಬಂದ 29ನೇ ವರ್ಷ. ಕೂಲಿ ಅಂದ್ರೆ ಆಗ ಕಾಳು, ಅದು ಬರ್ಲಿಲ್ಲ, ತಿಂಗಳಲ್ಲಿ 18 ದಿನ ಕಳೀತು ಹಸಿವಾಗ್ತಿದೆ ಅಂತ ಕೆಲ್ಸ ಬಿಟ್ಟು ಹೋಗಿ ದೇವಸ್ಥಾನದ ಹಿಂದೆ ಕೂತ್ಬಿಟ್ರು. ಬರೆದು ಉಳಿದಿರೋ ಸ್ಟ್ರೈಕ್‌ಗಳಲ್ಲಿ ಇದೇ ಮೊದಲನೇದಂತೆ. ನಾನು ಮಿಲ್ಲಲ್ಲಿ ದುಡಿದೋನು ಸ್ವಾಮಿ, ಸಂಬಳಕ್ಕೋಸ್ಕರ ಗೇಟ್ ಮುಂದೆ ಟವೆಲ್ ಹಾಸ್ಕೊಂಡು ಹನ್ನೊಂದು ದಿನ ಕೂತಿದೀನಿ, ಮಗಳು ಇದನ್ನ ಓದಿ ಹೇಳ್ತಿದ್ರೆ ಮೈ ಜುಮ್ ಅಂತು. ಇಂಥದ್ದು ನಿಮ್ಮ ಭಾನುವಾರದ ಪುರವಣೀಲಿ ಯಾಕೆ ಬರಲ್ಲ? ಶಾಪದ ಕಥೆ ವರ್ಷಕ್ಕೊಂದ್ಸಲ ಬಂದೇ ಬರುತ್ತೆ.

ಅಂದಹಾಗೆ ಅವ್ರಿಗೆ ಕೊನೆಗೆ ಹಿಂದಿನ ತಿಂಗಳ ಕಾಳು ಕೊಟ್ರಂತೆ. ನಮಗೆ ಸಿಕ್ಕಿದ್ದು ಅರ್ಧ ಸಂಬಳ.

ಇಂತಿ,
ನಿವೃತ್ತ ಮಿಲ್ ಕಾರ್ಮಿಕ, ದಾವಣಗೆರೆ