ಸೆಲ್ಲೋಗೆ ಒಂದು ಸೀಟು ಕೊಡಿಸಿದವರಿಗೆ

ಊರಿಗೆ ಬಂದು ಹನ್ನೊಂದು ದಿನವಾಯಿತು. ಸಿಕ್ಕವರೆಲ್ಲ ನನ್ನನ್ನು ವಿಚಾರಿಸುವ ಮೊದಲೇ "ದೊಡ್ಡ ಪಿಟೀಲು ಸರಿಯಾಗಿದೆಯಾ?" ಅಂತ ಕೇಳುತ್ತಿದ್ದೀರಿ. ಸರಿಯಾಗಿದೆ. ನೀವು ದೊಡ್ಡ ಪಿಟೀಲು ಅನ್ನುವ ನನ್ನ ಸೆಲ್ಲೋಗೆ ಒಂದು ಗೀರೂ ಬಿದ್ದಿಲ್ಲ. ಅದು ಹೀಗೆ ಕ್ಷೇಮವಾಗಿ ಹೋಗಿ ಬರಲು ಎಷ್ಟು ಜನ ಕೈಜೋಡಿಸಿದ್ದೀರಿ ಅನ್ನೋದು ನಿಮಗೇ ಪೂರ್ತಿ ಗೊತ್ತಿಲ್ಲ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ನಮ್ಮ ಯುವ ಆರ್ಕೆಸ್ಟ್ರಾ ಜುಲೈನಲ್ಲಿ ಪ್ರಾಗ್ ಮತ್ತು ವಿಯೆನ್ನಾಕ್ಕೆ ಹೋಗುತ್ತದೆ ಅಂತ ಗೊತ್ತಾದಾಗ, ಖುಷಿ ಇದ್ದದ್ದು ಒಂದೇ ಸಂಜೆ. ಮರುದಿನವೇ ಸೆಲ್ಲೋದ ಚಿಂತೆ ಶುರುವಾಯಿತು. ಪೆಟ್ಟಿಗೆ ಸಮೇತ ಅದು ನನ್ನ ಭುಜದವರೆಗೆ ಬರುತ್ತದೆ. ವಿಮಾನದಲ್ಲಿ ತಲೆಯ ಮೇಲಿನ ಗೂಡಿನಲ್ಲಿ ಹಿಡಿಸುವುದಿಲ್ಲ. ಕೆಳಗೆ ಲಗೇಜಿನ ಜೊತೆ ಹಾಕಿ, ಕತ್ತು ಮುರಿದ ವಾದ್ಯವನ್ನು ವಾಪಸ್ ಪಡೆದವರು ಸೆಲ್ಲೋ ನುಡಿಸುವವರಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಅದಕ್ಕೂ ಒಂದು ಸೀಟು ಕೊಳ್ಳಲೇಬೇಕು. ನನ್ನ ಟಿಕೆಟ್‌ಗೆ ಎಷ್ಟೋ ಅದಕ್ಕೂ ಹೆಚ್ಚುಕಡಿಮೆ ಅಷ್ಟೇ.

"ಅಲ್ಲೇ ಬಾಡಿಗೆಗೆ ಸಿಗಲ್ವಾ?" ಅಂತ ಹಲವರು ಕೇಳಿದಿರಿ. ಡಬಲ್ ಬೇಸ್, ಟಿಂಪನಿಯಂಥ ದೊಡ್ಡ ವಾದ್ಯಗಳನ್ನೆಲ್ಲ ಅಲ್ಲೇ ಬಾಡಿಗೆಗೆ ತಗೊಂಡೆವು. ಬೇಕಿದ್ದ ನಾಲ್ಕು ಸೆಲ್ಲೋಗಳಲ್ಲಿ ಎರಡು ಮಾತ್ರ ಸಿಕ್ಕಿದವು. ನಾವು ನುಡಿಸಬೇಕಿದ್ದದ್ದು ಚೆಕ್ ಸಂಗೀತಗಾರ ದ್ವೋರ್ಜಾಕ್ ಅವರ ಎಂಟನೇ ಸಿಂಫನಿ, ಪೂರ್ತಿ ಆರ್ಕೆಸ್ಟ್ರಾಕ್ಕೆಂದೇ ಬರೆದ ದೊಡ್ಡ ಕೃತಿ. ಅದರ ಮೊಟ್ಟಮೊದಲ ರಾಗವೇ ಸೆಲ್ಲೋಗಳದ್ದು. 1890ರಲ್ಲಿ ಅದನ್ನು ಮೊದಲ ಸಲ ನುಡಿಸಿದ್ದೂ ಪ್ರಾಗ್‌ನಲ್ಲೇ. ಆ ಊರಿನವರ ಮುಂದೆ, ಮುಂದಿನ ಸಾಲಿನಲ್ಲಿ ಕೂರುವವಳು ಕೈಗೆ ಪಳಗದ ವಾದ್ಯ ಹಿಡಿಯುವುದು ಬೇಡ ಅಂತ ನಮ್ಮ ಗುರುಗಳು ಹೇಳಿದರು.

ಮೊದಲ ವಂದನೆ ಬ್ಯಾಂಡ್ ಮಾವನಿಗೆ. ಹೆಸರು ಬರೆಯಬೇಡ ಅಂದಿದ್ದಾರೆ. ಊರಿಗೆಲ್ಲ ಅವರು ಬ್ಯಾಂಡ್ ಮಾವನೇ. ಸೇನೆಯ ಬ್ಯಾಂಡಿನಲ್ಲಿ ಯೂಫೋನಿಯಂ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ನುಡಿಸಿ ನಿವೃತ್ತರಾದವರು. ಕಲಿತದ್ದು ಮಧ್ಯಪ್ರದೇಶದ ಪಚ್‌ಮಢಿಯಲ್ಲಿರುವ ಸೇನೆಯ ಸಂಗೀತ ಶಾಲೆಯಲ್ಲಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾಗಿದ್ದಾಗ ಶುರುವಾದ ಶಾಲೆ ಅದು. ಈ ಮಾತನ್ನು ಮಾವ ಹೇಳುವಾಗಲೆಲ್ಲ ಅವರ ಬೆನ್ನು ನೆಟ್ಟಗಾಗುತ್ತದೆ. ಅವರಿಗೆ ಸೆಲ್ಲೋ ಬರುವುದಿಲ್ಲ. ಆದರೆ ಯೂಫೋನಿಯಂ ಮತ್ತು ಸೆಲ್ಲೋ ಎರಡಕ್ಕೂ ಸ್ವರ ಬರೆಯುವುದು ಸಾಮಾನ್ಯವಾಗಿ ಬೇಸ್ ಕ್ಲೆಫ್‌ನಲ್ಲಿ, ಅಂದರೆ ತಗ್ಗು ಸ್ವರಗಳನ್ನು ಐದು ಗೆರೆಗಳ ಮೇಲೆ ಬರೆಯುವ ಕ್ರಮದಲ್ಲಿ. ಎಂಟನೇ ಕ್ಲಾಸಿನಲ್ಲಿದ್ದ ನನಗೆ ಅವರ ಮನೆಯ ಜಗಲಿಯಲ್ಲಿ ಕೂರಿಸಿ ಆ ಗೆರೆಗಳನ್ನು ಓದಲು ಕಲಿಸಿದರು. ಎರಡು ವರ್ಷ, ಒಂದು ರೂಪಾಯಿ ತಗೊಳ್ಳದೆ. ಮಾವ, ಆ ಜಗಲಿ ಇಲ್ಲದಿದ್ದರೆ ನಾನು ಆಡಿಷನ್‌ಗೆ ಹೋಗುವ ಧೈರ್ಯವನ್ನೇ ಮಾಡುತ್ತಿರಲಿಲ್ಲ.

ಗೋಣಿಕೊಪ್ಪದಿಂದ ಬೆಳಗಿನ ಬಸ್ಸಿನ ಕಂಡಕ್ಟರ್ ಅಣ್ಣನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ನಮ್ಮ ಕೊಡಗು ಜಿಲ್ಲೆಗೆ ರೈಲಿಲ್ಲ. ಹದಿನೈದು ದಿನಕ್ಕೊಮ್ಮೆ ಪ್ರಾಕ್ಟೀಸ್‌ಗೆ ಬಸ್ಸೇ ಗತಿ. ಶಕ್ತಿ ಯೋಜನೆ ಬಂದ ಮೇಲೆ ನನಗೆ ಸೊನ್ನೆ ಟಿಕೆಟ್, ಸೆಲ್ಲೋಗೆ ಲಗೇಜ್ ಟಿಕೆಟ್. ತಿತಿಮತಿ, ಆನೆಚೌಕೂರು ಕಾಡಿನ ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ಅವರು ಅಷ್ಟು ದೂರದಿಂದಲೇ "ಹಿಡ್ಕೋಮ್ಮಾ" ಅಂತ ಕೂಗುತ್ತಿದ್ದರು. ಮೈಸೂರಿನಲ್ಲಿ ಇಳಿದು ಬೆಂಗಳೂರು ಬಸ್ಸು ಹತ್ತುವವರೆಗೆ ಎಷ್ಟೋ ಸಲ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಬಂದಿದ್ದಾರೆ. ಬೆಂಗಳೂರಲ್ಲಿ ಚಿಕ್ಕಮ್ಮ ತಮ್ಮ ಸಣ್ಣ ಮನೆಯ ಒಂದು ಮೂಲೆಯನ್ನು ಮೂರು ವರ್ಷ ಸೆಲ್ಲೋಗೇ ಬಿಟ್ಟುಕೊಟ್ಟರು.

ಇನ್ನು ದುಡ್ಡು. ಕರಿಮೆಣಸು ಕೊಯ್ಯುವ ಸಮಯ ಅದು. ಅಪ್ಪ ಬೆಲೆ ಏರುವವರೆಗೆ ಕಾಯದೆ ಮೆಣಸು ಮಾರಿದರು. ಅವ್ವನ ಸ್ವಸಹಾಯ ಸಂಘದವರು ಸಾಲ ಕೊಟ್ಟರು, ತೀರಿಸಲು ಅವಸರ ಬೇಡ ಅಂದರು. ಪಕ್ಕದ ತೋಟದ ಅಜ್ಜಿ ನಾಲ್ಕು ಕೆ.ಜಿ. ಮೆಣಸನ್ನು ಗೋಣಿಯಲ್ಲಿ ಕಟ್ಟಿ ನಮ್ಮ ಗೇಟಿನ ಒಳಗೆ ಇಟ್ಟು ಹೋದರು, ಕರೆಯಲೂ ಇಲ್ಲ. ತೋಟದ ಕೆಲಸಗಾರರ ಲೈನ್‌ಮನೆಯ ಅಕ್ಕ ಇನ್ನೂರು ರೂಪಾಯಿ ತಂದು ಅವ್ವನ ಕೈಯಲ್ಲಿಟ್ಟರು. ಆ ಇನ್ನೂರು ರೂಪಾಯಿ ಅವರಿಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಅಕ್ಕಾ, ಆ ಸೀಟಿನಲ್ಲಿ ನಿಮ್ಮ ಪಾಲೂ ಇದೆ.

ಬೆಂಗಳೂರಿನಲ್ಲಿ ಪಿಟೀಲು ರಿಪೇರಿ ಮಾಡುವ ಅಣ್ಣ ಒಂದು ಮಧ್ಯಾಹ್ನ ಪೂರ್ತಿ ನನಗಾಗಿ ಕೊಟ್ಟರು. ತಂತಿಗಳನ್ನು ಸ್ವಲ್ಪ ಸಡಿಲಿಸು, ಪೂರ್ತಿ ಬಿಚ್ಚಬೇಡ ಅಂದರು. ಪೂರ್ತಿ ಬಿಚ್ಚಿದರೆ ಒಳಗೆ ನಿಂತಿರುವ ಪುಟ್ಟ ಮರದ ಕಡ್ಡಿ, ಸೌಂಡ್ ಪೋಸ್ಟ್, ಬಿದ್ದುಹೋಗಬಹುದು. ತಂತಿಗಳನ್ನು ಎತ್ತಿ ಹಿಡಿಯುವ ಮರದ ಕುದುರೆಯ ಎರಡು ಪಕ್ಕದಲ್ಲೂ ಮೆತ್ತನೆ ಬಟ್ಟೆ ಇಡುವುದನ್ನು ತೋರಿಸಿಕೊಟ್ಟರು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ, ಮರ ಉಬ್ಬಿ ತಂತಿ ಬಿಗಿಯುವ ಬಿರಡೆ ತಿರುಗುವುದೇ ಇಲ್ಲ. ವಿಮಾನದ ಗಾಳಿ ಇದಕ್ಕೆ ಪೂರ್ತಿ ಉಲ್ಟಾ, ತುಂಬಾ ಒಣ. ಅಲ್ಲಿ ಬಿರಡೆ ಜಾರುತ್ತದೆ. ಇದನ್ನೂ ಅವರೇ ಮೊದಲೇ ಹೇಳಿದ್ದರು. ತಂತಿಯ ಮೇಲೆ ಎಳೆದು ನುಡಿಸುವ ಕಮಾನನ್ನು ಮಾಡುವ ಬ್ರೆಜಿಲ್‌ನ ಪರ್ನಾಂಬುಕೊ ಮರದ ವಿಷಯದಲ್ಲಿ 2007ರಿಂದ ಅಂತರರಾಷ್ಟ್ರೀಯ ನಿಯಮಗಳಿವೆ. ಹಳೇ ಕಮಾನಿನ ತುದಿಯಲ್ಲಿ ಆನೆದಂತ ಇದ್ದರಂತೂ ಗಡಿಯಲ್ಲಿ ದೊಡ್ಡ ತೊಂದರೆ. ಅದಕ್ಕೆ ತಮ್ಮದೇ ಕಾರ್ಬನ್ ಫೈಬರ್ ಕಮಾನನ್ನು ಕೊಟ್ಟು ಕಳಿಸಿದರು.

ಹೊರಟ ದಿನ ಬೆಳಗಿನಿಂದ ಬಿಡದೆ ಮಳೆ. ಪೆಟ್ಟಿಗೆಯನ್ನು ಕಾಫಿ ಒಣಗಿಸುವ ಟಾರ್ಪಾಲಿನಲ್ಲಿ ಸುತ್ತಿ ಜೀಪಿನಲ್ಲಿ ಬೆಂಗಳೂರಿಗೆ ತಲುಪಿಸಿದ್ದು ಎದುರು ಮನೆಯ ಅಣ್ಣ. ಡೀಸೆಲ್ ದುಡ್ಡು ಇವತ್ತಿಗೂ ತಗೊಂಡಿಲ್ಲ.

ವಿಮಾನ ನಿಲ್ದಾಣದಲ್ಲಿ ಕಂಪ್ಯೂಟರಿನಲ್ಲಿ ಸೆಲ್ಲೋದ ಸೀಟೇ ಇರಲಿಲ್ಲ. ಪಾಸ್‌ಪೋರ್ಟ್ ನಂಬರ್ ಇಲ್ಲದ ಪ್ರಯಾಣಿಕ ಅಂತ ಅದರ ಟಿಕೆಟ್ ತಾನಾಗಿಯೇ ರದ್ದಾಗಿತ್ತು. "ಲಗೇಜಿಗೆ ಹಾಕಿ" ಅಂದರು. ನನ್ನ ಕಾಲು ನಡುಗುತ್ತಿತ್ತು. ಆಗ ನಮ್ಮ ಆರ್ಕೆಸ್ಟ್ರಾದ ಮ್ಯಾನೇಜರ್ ಅಕ್ಕ ಬ್ಯಾಗಿನಿಂದ ಕಾಗದ ತೆಗೆದರು. ಟಿಕೆಟ್, ವಾದ್ಯದ ಉದ್ದ ಅಗಲ ತೂಕ, ಒಪ್ಪಿಗೆ ಕೊಟ್ಟ ಇಮೇಲ್, ಎಲ್ಲದರ ಪ್ರಿಂಟ್. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ನಿಧಾನವಾಗಿ ಓದಿದರು. ಐವತ್ತು ನಿಮಿಷ ಫೋನಿನ ಮೇಲೆ ಫೋನ್ ಮಾಡಿ ಸೀಟು ವಾಪಸ್ ಕೊಡಿಸಿದರು. ಅವರ ಡ್ಯೂಟಿ ಮುಗಿದಿತ್ತು ಅಂತ ಆಮೇಲೆ ಗೊತ್ತಾಯಿತು. ಕಸ್ಟಮ್ಸ್‌ನವರು ವಾದ್ಯದ ಒಳಗಿನ ಲೇಬಲ್ ನೋಡಿ, ವಾಪಸ್ ಬರುವಾಗ ಸುಂಕದ ಪ್ರಶ್ನೆ ಬರದಂತೆ ಸರ್ಟಿಫಿಕೇಟ್ ಬರೆದುಕೊಟ್ಟರು.

ಒಳಗೆ ಹೋದರೆ ಇನ್ನೊಂದು ಸಮಸ್ಯೆ. ಸಿಕ್ಕ ಸೀಟು ಮಧ್ಯದ್ದು. ಸೆಲ್ಲೋ ಅಲ್ಲಿದ್ದರೆ ಒಳಗೆ ಕೂತವರು ಎದ್ದು ಹೋಗಲು ಅಡ್ಡಿಯಾಗುತ್ತದೆ, ಅದು ಕಿಟಕಿ ಪಕ್ಕವೇ ಇರಬೇಕು. ಕಿಟಕಿಯಲ್ಲಿ ಕೂತಿದ್ದವರು ಕಣ್ಣೂರಿನ ಒಬ್ಬ ನರ್ಸ್. ಜರ್ಮನಿಗೆ ಕೆಲಸಕ್ಕೆ ಹೊರಟಿದ್ದರು. ಮೊದಲ ವಿಮಾನ ಪ್ರಯಾಣ. ಕಿಟಕಿ ಬೇಕು ಅಂತಲೇ ಜಾಸ್ತಿ ದುಡ್ಡು ಕೊಟ್ಟಿದ್ದರು. ಒಂದು ಕ್ಷಣ ಹೊರಗೆ ನೋಡಿದರು, ಆಮೇಲೆ ಎದ್ದರು. ಬೆಲ್ಟಿಗೆ ಇನ್ನೊಂದು ಬೆಲ್ಟ್ ಜೋಡಿಸಿ ಪೆಟ್ಟಿಗೆಯನ್ನು ಬಿಗಿಯುವಾಗ ಅವರೂ ಹಿಡಿದುಕೊಂಡರು. "ಇದರಲ್ಲಿ ಏನು ನುಡಿಸ್ತೀರಿ?" ಅಂದರು. ಫೋನಿನಲ್ಲಿದ್ದ ರಿಹರ್ಸಲ್ ಕೇಳಿಸಿದೆ. ಇಳಿಯುವ ಗಡಿಬಿಡಿಯಲ್ಲಿ ಹೆಸರು ಕೇಳಲಾಗಲಿಲ್ಲ. ಮಡಿಕೇರಿಯಲ್ಲಿ ನೆಂಟರಿದ್ದಾರೆ ಅಂದಿದ್ದರು. ಅವರಲ್ಲಿ ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅವರಿಗೆ ತಲುಪಿಸಿ. ಚೇಚಿ, ತುಂಬಾ ತುಂಬಾ ಥ್ಯಾಂಕ್ಸ್.

ಪ್ರಾಗ್‌ನ ಒಂದು ಹಳೇ ಚರ್ಚಿನಲ್ಲಿ ನಮ್ಮ ಕಾರ್ಯಕ್ರಮ. ಬಿರಡೆ ಜಾರಿ ಒಂದು ತಂತಿ ಇಳಿದಿತ್ತು, ಬೇರೇನೂ ಆಗಿರಲಿಲ್ಲ. ಶ್ರುತಿ ಸರಿಮಾಡಿ ಕಮಾನು ಎತ್ತಿದೆ. ಪಕ್ಕದಲ್ಲಿ ಮೂವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ ಆ ರಾಗ, ನಾಲ್ಕು ಸೆಲ್ಲೋಗಳದ್ದೂ ಒಂದೇ ದನಿಯಾಗಿ. ಅಷ್ಟು ಚೆನ್ನಾಗಿ ನಾವು ಯಾವತ್ತೂ ನುಡಿಸಿರಲಿಲ್ಲ. ವಿಯೆನ್ನಾದಲ್ಲೂ ಚೆನ್ನಾಗಿಯೇ ಆಯಿತು, ಆದರೆ ನನ್ನ ಮನಸ್ಸು ಇನ್ನೂ ಪ್ರಾಗ್‌ನ ಆ ಮೊದಲ ನಿಮಿಷದಲ್ಲೇ ಇದೆ.

ರೆಕಾರ್ಡಿಂಗನ್ನು ಅವತ್ತೇ ರಾತ್ರಿ ಬ್ಯಾಂಡ್ ಮಾವನಿಗೆ ಕಳಿಸಿದ್ದೆ. ಗಾಳಿ ಮಳೆಗೆ ಕಂಬ ಬಿದ್ದು ಊರಲ್ಲಿ ಕರೆಂಟ್ ಇರಲಿಲ್ಲ. ಮೂರನೇ ದಿನ ಎದುರು ಮನೆಯ ಜೀಪಿನಲ್ಲಿ ಫೋನ್ ಚಾರ್ಜಿಗೆ ಹಾಕಿ, ಜೀಪಿನಲ್ಲೇ ಕೂತು ಪೂರ್ತಿ ಕೇಳಿದರಂತೆ. ಎರಡು ಸಲ.

ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಬರುವ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮೂರಿನ ಸಮುದಾಯ ಭವನದಲ್ಲಿ ನುಡಿಸುತ್ತೇನೆ. ಆರ್ಕೆಸ್ಟ್ರಾದ ಇನ್ನೂ ಮೂವರು ಬೆಂಗಳೂರಿನಿಂದ ಬರುತ್ತಿದ್ದಾರೆ. ದಯವಿಟ್ಟು ಎಲ್ಲರೂ ಬನ್ನಿ. ಅಜ್ಜಿ, ನಿಮ್ಮನ್ನು ಕರೆದುಕೊಂಡು ಬರಲು ಮೂರೂವರೆಗೆ ಜೀಪು ಬರುತ್ತದೆ. ಲೈನ್‌ಮನೆಯ ಅಕ್ಕ, ನೀವು ಮುಂದಿನ ಸಾಲಿನಲ್ಲಿ ಕೂರಬೇಕು.