ನೋವು ನಿಂತ ಹಲ್ಲನ್ನೂ ತೋರಿಸಿ

ಮಾನ್ಯರೇ,

ಹಲ್ಲಿನೊಳಗಿನ ಕೆಟ್ಟ ತಿರುಳು ತೆಗೆದು ಹಲ್ಲನ್ನು ಉಳಿಸುವ ರೂಟ್ ಕೆನಾಲ್ ಚಿಕಿತ್ಸೆ ಎಂಬುದು ದುಡ್ಡು ಮಾಡುವ ದಂಧೆ, ಹುಳುಕು ಹಲ್ಲನ್ನು ಕೀಳಿಸಿಬಿಟ್ಟರೆ ಮುಗಿಯಿತು ಎಂದು ಓದುಗರೊಬ್ಬರು ಈಚೆಗೆ ಇದೇ ಅಂಕಣದಲ್ಲಿ ಬರೆದಿದ್ದರು. ಸಾಗರದಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿರುವ ನಾನು ಈ ಮಾತನ್ನು ಆಗಾಗ ಕೇಳುತ್ತಿರುತ್ತೇನೆ. ಉಳಿಸಿಕೊಳ್ಳಬಹುದಾಗಿದ್ದ ಹಲ್ಲನ್ನು ಇದೇ ಮಾತು ನಂಬಿ ಕಳೆದುಕೊಂಡವರನ್ನೂ ನೋಡಿದ್ದೇನೆ. ಹಾಗಾಗಿ ಸುಮ್ಮನಿರಲು ಮನಸ್ಸಾಗಲಿಲ್ಲ.

ಹಲ್ಲುನೋವಿನವರು ಹೆಚ್ಚಾಗಿ ಬರುವುದು ಅಂಗಡಿ ಬಾಗಿಲು ಹಾಕುವ ಹೊತ್ತಿಗೆ. ಮೊನ್ನೆ ಒಬ್ಬರು ಫ್ರಿಜ್ಜಿನ ನೀರಿನ ಬಾಟಲಿ ಹಿಡಿದುಕೊಂಡೇ ಬಂದರು. ಒಂದು ಗುಟುಕು ದವಡೆಗೆ ಇಟ್ಟುಕೊಂಡರೆ ನೋವು ತಗ್ಗುತ್ತಿತ್ತು. ನೀರು ಬೆಚ್ಚಗಾದ ಕೂಡಲೇ ಮುಖ ಕಿವುಚಿಕೊಳ್ಳುತ್ತಿದ್ದರು. ಬಿಸಿಗೆ ಜೀವ ಹೋಗುವಂತಾಗಿ ತಣ್ಣೀರಿಗೆ ತುಸು ಹಾಯೆನಿಸಿದರೆ, ಹಲ್ಲಿನೊಳಗಿನ ತಿರುಳು ಚೇತರಿಸಿಕೊಳ್ಳದಷ್ಟು ಕೆಟ್ಟಿದೆ ಎಂದೇ ಅರ್ಥ. ನರ, ರಕ್ತನಾಳ ಎಲ್ಲವೂ ಇರುವುದು ಆ ತಿರುಳಿನಲ್ಲಿ. ಮೈಯಲ್ಲಿ ಬೇರೆಲ್ಲಾದರೂ ಬಾವು ಬಂದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ಹಲ್ಲಿನ ಗಟ್ಟಿ ಗೋಡೆ ಹಿಗ್ಗುವುದಿಲ್ಲ, ಒತ್ತಡವೆಲ್ಲ ನರದ ಮೇಲೇ. ಮಲಗಿದರಂತೂ ಸಿಡಿತ ಇನ್ನೂ ಜಾಸ್ತಿ.

ಅವರು ಕೇಳಿದ್ದು ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಕೊಡುವಂತಿಲ್ಲ, ಕೊಡಲಿಲ್ಲ. ಕೊಟ್ಟಿದ್ದರೂ ಹಲ್ಲು ಗುಣವಾಗುತ್ತಿರಲಿಲ್ಲ. ಮಾತ್ರೆ ಹೋಗಬೇಕಾದದ್ದು ರಕ್ತದ ಮೂಲಕ; ತಿರುಳು ಸತ್ತ ಮೇಲೆ ಅಲ್ಲಿಗೆ ರಕ್ತವೇ ಹೋಗುವುದಿಲ್ಲ. ಕೆನ್ನೆ ಊದಿ ಜ್ವರ ಬಂದಾಗ ವೈದ್ಯರು ಆ್ಯಂಟಿಬಯೋಟಿಕ್ ಬರೆಯುತ್ತಾರೆ, ಅದು ಸೋಂಕು ಹರಡದಿರಲಿ ಎಂದು. ಹಲ್ಲಿನೊಳಗಿನ ಕೊಳೆಯನ್ನು ದಂತವೈದ್ಯರೇ ಕೈಯಾರೆ ತೆಗೆಯಬೇಕು.

ಇದಕ್ಕಿಂತ ಮೋಸ ಮಾಡುವುದು ನೋವು ತಾನಾಗಿಯೇ ನಿಂತುಹೋಗುವುದು. ನೆಲಗುಳ್ಳದ ಬೀಜದ ಹೊಗೆ ಹಾಕಿಸಿದೆ, ಹುಳ ಬಿತ್ತು, ಈಗ ಆರಾಮ ಎನ್ನುವವರಿದ್ದಾರೆ. ಹಲ್ಲಿನಲ್ಲಿ ಹುಳ ಇರುವುದಿಲ್ಲ, ಇರುವುದು ಬ್ಯಾಕ್ಟೀರಿಯಾ. ಎಷ್ಟೋ ಸಲ ಆರಾಮ ಎನಿಸುವುದು ನರ ಸತ್ತದ್ದರಿಂದ. ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿದು ಅಲ್ಲಿನ ಮೂಳೆ ತಿನ್ನುತ್ತದೆ. ಆಮೇಲೆ ಯಾವಾಗಲೋ ಒಸಡಿನ ಮೇಲೆ ಮೊಡವೆಯಂಥ ಕೀವುಗುಳ್ಳೆ ಏಳುತ್ತದೆ, ಒಡೆಯುತ್ತದೆ, ಮತ್ತೆ ಏಳುತ್ತದೆ. ಅದಕ್ಕೂ ನೋವಿರುವುದಿಲ್ಲವಾದ್ದರಿಂದ ಯಾರೂ ತೋರಿಸುವುದಿಲ್ಲ.

ಹಾಗೆಂದು ಎಲ್ಲ ಹಲ್ಲುನೋವಿಗೂ ರೂಟ್ ಕೆನಾಲ್ ಬೇಕಿಲ್ಲ. ಪತ್ರ ಬರೆದವರ ಅನುಮಾನದಲ್ಲಿ ಅಷ್ಟರಮಟ್ಟಿಗೆ ಹುರುಳಿದೆ. ತಣ್ಣೀರು ತಾಗಿದಾಗ ಝುಮ್ ಎಂದು ಕ್ಷಣದಲ್ಲೇ ಹೋಗುವ ಹಲ್ಲಿಗೆ ಸಾಮಾನ್ಯವಾಗಿ ಫಿಲ್ಲಿಂಗ್ ಸಾಕು. ಬೇರು ಉದ್ದಕ್ಕೆ ಸೀಳಿದ್ದರೆ ಕೀಳುವುದೇ ಸರಿ. ಒಣ ಅಡಿಕೆ ಕಡಿಯುವ ನಮ್ಮ ಕಡೆಯವರು ಇದನ್ನು ತಿಳಿದಿರಬೇಕು. ಎಕ್ಸ್‌ರೇ ತೋರಿಸಿ, ಹುಳುಕು ತಿರುಳಿನವರೆಗೆ ಹೋಗಿದೆಯೇ ಎಂದು ವೈದ್ಯರನ್ನು ಧೈರ್ಯವಾಗಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ಚಿಕಿತ್ಸೆಯ ಹೆದರಿಕೆ ಮಾತ್ರ ಬೇಡ. ಜುಮ್ಮು ಹಿಡಿಸುವ ಇಂಜೆಕ್ಷನ್ ಕೊಟ್ಟೇ ಶುರು ಮಾಡುತ್ತಾರೆ. ಕೆಳಗಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಅದರಲ್ಲಿ ತಿರುಳಿರುವ ಮೂರು ನಾಳ; ಮೇಲಿನ ದವಡೆ ಹಲ್ಲಿಗೆ ನಾಲ್ಕು ನಾಳವೂ ಇರಬಹುದು. ಕೂದಲೆಳೆಯಂಥ ಆ ನಾಳಗಳನ್ನು ಸಣ್ಣ ಫೈಲುಗಳಿಂದ ಕೆರೆದು, ಔಷಧದಿಂದ ತೊಳೆದು, ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತಾರೆ. ಹೊತ್ತು ಹಿಡಿಯುವುದು ಅದಕ್ಕೇ. ಆದರೆ ಆಮೇಲೆ ದವಡೆ ಹಲ್ಲಿನ ಮೇಲೆ ಕವಚದಂತೆ ಕೂರಿಸುವ ಕ್ಯಾಪ್ ಹಾಕಿಸುವುದನ್ನು ದುಡ್ಡು ಉಳಿಸಲು ಬಿಡಬೇಡಿ. ಟೊಳ್ಳಾದ ಹಲ್ಲು ಚಕ್ಕುಲಿ ಕಡಿದಾಗ ಎರಡು ಹೋಳಾದರೆ ಮಾಡಿಸಿದ್ದೆಲ್ಲ ನೀರಿಗೆ ಹೋಯಿತು.

ಖರ್ಚಿನ ಮಾತು ನಿಜ. ಕೂಲಿಯವರು ಹಲ್ಲು ಕೀಳಿಸುವುದು ಅಜ್ಞಾನದಿಂದಲ್ಲ, ಅದೇ ಅಗ್ಗವಾದ್ದರಿಂದ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿತು, ಸಂತೋಷ. ಹಲ್ಲು ಬಿದ್ದ ಮೇಲೆ ಕೊಡುವ ಕೈ ಬೀಳುವ ಮುಂಚೆಯೂ ಚಾಚಲಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಹಲ್ಲಿನ ಎಕ್ಸ್‌ರೇ, ರೂಟ್ ಕೆನಾಲ್, ಕ್ಯಾಪ್ ಮೂರೂ ಬಡವರ ಕೈಗೆಟುಕುವ ದರದಲ್ಲಿ ಸಿಗುವಂತೆ ಆರೋಗ್ಯ ಇಲಾಖೆ ಮಾಡಬೇಕು.

– ಔಷಧ ವ್ಯಾಪಾರಿ, ಸಾಗರ